ಬೀಟು ಕೂಡಿದರೆ ಸಾಕಾ? ಶ್ರುತಿ ಬೇಡವಾ?

ನಿನ್ನೆ ರಾತ್ರಿ ತೀರ್ಥಹಳ್ಳಿ ಹತ್ತಿರದ ಹೋಮ್‌ಸ್ಟೇ ಒಂದರಲ್ಲಿ ಟೆಕ್ನೋ (ಯಂತ್ರದ ಬೀಟಿನ ಎಲೆಕ್ಟ್ರಾನಿಕ್ ಕುಣಿತದ ಸಂಗೀತ) ಕೇಳಿ ಬಂದೆ. ಸಿಟ್ಟು ಇನ್ನೂ ಇಳಿದಿಲ್ಲ. ಡಿಜೆ ಹುಡುಗ ಆರಿಸಿದ ಟ್ರ್ಯಾಕುಗಳು ಬಹಳ ಚೆನ್ನಾಗಿದ್ದವು. ಸ್ಪೀಕರೂ ಚೆನ್ನಾಗಿತ್ತು. ಆದರೆ ಒಂದರಿಂದ ಇನ್ನೊಂದಕ್ಕೆ ದಾಟುವಾಗೆಲ್ಲ ಕಿವಿ ಹಿಂಡಿದ ಹಾಗಾಗುತ್ತಿತ್ತು. ಬೀಟು ಕೂತಿದೆ, ಶ್ರುತಿ ಕೂತಿಲ್ಲ. ಎರಡು ಟ್ರ್ಯಾಕಿನ ವೇಗವನ್ನು ತಾನೇ ಕೂಡಿಸುವ ಸಿಂಕ್ ಗುಂಡಿ ಒತ್ತಿದ, ಎರಡೂ 132 ಬಿಪಿಎಂ (ನಿಮಿಷಕ್ಕೆ 132 ಬೀಟು) ಆಯಿತು, ದನಿ ಏರಿಸುವ ಫೇಡರ್ ಎತ್ತಿದ. ಕೆಲಸ ಮುಗಿಯಿತು!

ಮುಗಿದ ಮೇಲೆ ಹೋಗಿ ಕೇಳಿದೆ. "ಅಣ್ಣಾ, ಎರಡೂ 8ಎ. ಸ್ಕ್ರೀನ್ ನೋಡಿ" ಎಂದ. ಟ್ರ್ಯಾಕಿನ ಶ್ರುತಿಗೆ (ಕೀ) ಡಿಜೆ ಸಾಫ್ಟ್‌ವೇರ್ ಕೊಡುವ ಗುರುತು ಈ 8ಎ.

ಸ್ಕ್ರೀನ್ ಯಾಕೆ ನೋಡಬೇಕು? ಕಿವಿ ಇದೆಯಲ್ಲ. ಒಂದು ಟ್ರ್ಯಾಕಿನ ಮೂಲ ವೇಗ 125. ಅದನ್ನು 132ಕ್ಕೆ ಎಳೆದರೆ ಶೇಕಡಾ 5.6ರಷ್ಟು ಏರಿತು. ಶೇಕಡಾ 6ರ ಹತ್ತಿರ ಹೋದರೆ ಇಡೀ ಟ್ರ್ಯಾಕ್ ಅರ್ಧ ಸ್ವರ ಮೇಲೆ ಹೋಗುತ್ತದೆ. ವೇಗ ಬದಲಾದರೂ ಶ್ರುತಿ ಬದಲಾಗದಂತೆ ಹಿಡಿಯುವ ಕೀ ಲಾಕ್ ಹಾಕಿರಲಿಲ್ಲ. 8ಎ ಅಂದರೆ ಎ ಮೈನರ್. ಸ್ಪೀಕರಿನಿಂದ ಬರುತ್ತಿದ್ದದ್ದು ಹೆಚ್ಚುಕಡಿಮೆ ಬಿ ಫ್ಲಾಟ್ ಮೈನರ್, ಅಂದರೆ 3ಎ. ಲೇಬಲ್ ಮಾತ್ರ ಹಳೆಯದೇ. 8ಎ ಜೊತೆ 7ಎ, 9ಎ, 8ಬಿ ಹೊಂದುತ್ತವೆ ಅಂತ ಬಾಯಿಪಾಠ ಮಾಡಿ ಏನು ಬಂತು?

ಕೀ ಲಾಕ್ ಹಾಕಿದರೂ ಎಲ್ಲ ಸರಿಹೋಗುವುದಿಲ್ಲ. ಜಾಸ್ತಿ ಎಳೆದರೆ ಕಿಕ್ಕಿನ (ದಪ್ಪ ಡ್ರಮ್ಮಿನ) ಏಟು ಮೆತ್ತಗಾಗುತ್ತದೆ. ವೇಗ ಹತ್ತಿರ ಇರುವ ಟ್ರ್ಯಾಕನ್ನೇ ಆರಿಸುವುದು ಒಳ್ಳೆಯದು.

"ಟೆಕ್ನೋದಲ್ಲಿ ರಾಗ ಎಲ್ಲಿದೆ, ಬರೀ ಡ್ರಮ್ ಅಲ್ವಾ" ಅಂತ ಜೊತೆಗಿದ್ದ ಗೆಳೆಯರು ಹೇಳಿದರು. ಈ ಮಾತು ಕೇಳಿದಾಗೆಲ್ಲ ನನಗೆ ಮೈ ಉರಿಯುತ್ತದೆ. ಡ್ರಮ್ಮಿಗೆ ಶ್ರುತಿ ಇಲ್ಲ ಅಂದವರು ಯಾರು? ಯಕ್ಷಗಾನ ನೋಡಿ ಬೆಳೆದ ಊರಿನವರು ಹೇಳುವ ಮಾತಾ ಇದು? ಭಾಗವತರ ಶ್ರುತಿಗೆ ಮದ್ದಳೆ ಕೂಡಿಸದೆ ಆಟ ಶುರುವಾಗುತ್ತದಾ? ಟೆಕ್ನೋ ಕಿಕ್ಕಿಗೂ ಸ್ವರ ಇದೆ, ಬೇಸಿಗಂತೂ ಇದ್ದೇ ಇದೆ. ಒಂದರ ಬೇಸ್ 55 ಹರ್ಟ್ಜ್, ಇನ್ನೊಂದರದ್ದು ಅರ್ಧ ಸ್ವರ ಮೇಲೆ 58.27 ಇದ್ದರೆ, ಎರಡೂ ಸೇರಿ ಸೆಕೆಂಡಿಗೆ ಮೂರು ಸಲಕ್ಕಿಂತ ಸ್ವಲ್ಪ ಹೆಚ್ಚು ಏರಿಳಿಯುತ್ತವೆ. ನಿನ್ನೆ ಎದೆಗೆ ಬಡಿದ ಆ ತೊಳಲಾಟ ಅದೇ. ಕುಣಿಯುತ್ತಿದ್ದವರ ಕಾಲು ತಡವರಿಸಿದ್ದೂ ಅಲ್ಲೇ.

ಟೆಕ್ನಿಕ್ಸ್ ಎಸ್‌ಎಲ್-1200 ಎಂಕೆ2 ಅನ್ನುವ ಡಿಜೆ ಟರ್ನ್‌ಟೇಬಲ್ (ರೆಕಾರ್ಡ್ ಪ್ಲೇಯರ್) ಬಂದದ್ದು 1979ರಲ್ಲಿ. ಅದರ ವೇಗದ ಫೇಡರಿನಲ್ಲಿ ವೇಗವನ್ನು ಶೇಕಡಾ 8ರಷ್ಟು ಏರಿಸಬಹುದಿತ್ತು, ಇಳಿಸಬಹುದಿತ್ತು. ವೇಗ ಏರಿದರೆ ಸ್ವರವೂ ಏರುತ್ತಿತ್ತು. ಕೀ ಲಾಕೂ ಇಲ್ಲ, ಸಿಂಕೂ ಇಲ್ಲ. ಡೆಟ್ರಾಯಿಟ್‌ನ ಟೆಕ್ನೋ ಡಿಜೆ ಜೆಫ್ ಮಿಲ್ಸ್ ಮೂರು ಟರ್ನ್‌ಟೇಬಲ್ ಇಟ್ಟುಕೊಂಡು ಮಿಕ್ಸ್ ಮಾಡಿದವರು, ಕಿವಿಯನ್ನೇ ನಂಬಿ. ಸಿಂಕ್ ತಪ್ಪು ಅಂತ ನಾನು ಹೇಳುತ್ತಿಲ್ಲ. ಅದು ಉಳಿಸಿಕೊಟ್ಟ ಸಮಯದಲ್ಲಿ ಹೆಡ್‌ಫೋನ್ ಹಾಕಿ 32 ಬೀಟು ಎರಡನ್ನೂ ಒಟ್ಟಿಗೆ ಕೇಳಬಾರದಾ? ಬರುವ ಟ್ರ್ಯಾಕಿನ ಬೇಸನ್ನು ಇಕ್ಯೂದಲ್ಲಿ (ಬೇಸ್, ಟ್ರೆಬಲ್ ಹೊಂದಿಸುವ ಗುಂಡಿಯಲ್ಲಿ) ಇಳಿಸಿಟ್ಟು, ಹೋಗುವುದರ ಬೇಸ್ ತೆಗೆದ ಮೇಲೆ ಬಿಡಬಾರದಾ?

ನನಗೆ ಇಷ್ಟು ಯಾಕೆ ಹತ್ತುತ್ತದೆ ಅಂದರೆ, ಶಿವಮೊಗ್ಗದಲ್ಲಿ ಕೂತು ಈ ಸಂಗೀತವನ್ನು ಇಷ್ಟು ವರ್ಷ ಒಬ್ಬನೇ ಹೆಡ್‌ಫೋನಿನಲ್ಲಿ ಕೇಳಿದವನು ನಾನು. ಮಲೆನಾಡಿನಲ್ಲೇ ಒಬ್ಬ ಹುಡುಗ ಇದನ್ನು ಹಾಕುತ್ತಾನೆ ಅಂದಾಗ ಹಬ್ಬದಷ್ಟು ಖುಷಿಯಾಗಿತ್ತು. ಅವನಿಗೆ ರುಚಿ ಇದೆ. ಅದಕ್ಕೇ ಸುಮ್ನೆ ಬಿಡಲು ಮನಸ್ಸಿಲ್ಲ.

ಭಾನುವಾರ ವಿನೋಬನಗರದ ಮನೆಗೆ ಬಾ, ಪೆನ್‌ಡ್ರೈವ್ ತಾ ಅಂದಿದ್ದೇನೆ. ಸ್ಕ್ರೀನ್ ಮುಚ್ಚಿಟ್ಟು ಅದೇ ಎರಡು ಟ್ರ್ಯಾಕ್ ಕೂಡಿಸುತ್ತೇವೆ. ಬೇರೆ ಯಾರಾದರೂ ಬರುವವರಿದ್ದರೆ ಹೆಡ್‌ಫೋನ್ ತನ್ನಿ, ನನ್ನ ಹತ್ತಿರ ಒಂದೇ ಇರುವುದು.