ಸೆರಿಂಗಪಟಂ ಲಾರ್ಡ್ ಸಾಹೇಬರ ಪೌತಿ ಖಾತೆ

ಇಂಗ್ಲೆಂಡಿನ ಒಂದು ಮನೆತನದ ಬಿರುದಿನಲ್ಲಿ ಶ್ರೀರಂಗಪಟ್ಟಣ ಇವತ್ತಿಗೂ ಭದ್ರವಾಗಿದೆ. 1815ರಲ್ಲಿ ಅರಸರು ದಯಪಾಲಿಸಿದ ಆ ಬಿರುದಿನ ಪೂರ್ತಿ ಪಾಠ ಹೀಗೆ: ಈಸ್ಟ್ ಇಂಡೀಸಿನ ಸೆರಿಂಗಪಟಂ ಮತ್ತು ಮೈಸೂರಿನ, ಹಾಗೂ ಕೆಂಟ್ ಕೌಂಟಿಯ ಬೆಲ್ಮಾಂಟಿನ ಬ್ಯಾರನ್ ಹ್ಯಾರಿಸ್. ಈಗ ಎಂಟನೆಯವರ ಸರದಿ. ಮಂಡ್ಯದ ರೈತರು ಗಾಬರಿಬಿದ್ದು ಪಹಣಿ ತೆಗೆಸಬೇಕಿಲ್ಲ. ಬಿರುದಿನ ಜೊತೆ ಕಾವೇರಿ ದಂಡೆಯ ಒಂದು ಗುಂಟೆಯೂ ಹೋಗುವುದಿಲ್ಲ.

ಮೂಲಪುರುಷ ಜಾರ್ಜ್ ಹ್ಯಾರಿಸ್ ಒಬ್ಬ ಸಾಧಾರಣ ಪಾದ್ರಿಯ ಮಗ. 1775ರಲ್ಲಿ ಅಮೆರಿಕದ ಬಂಕರ್ ಹಿಲ್‌ನಲ್ಲಿ ತಲೆಗೆ ಗುಂಡೇಟು ಬಿತ್ತು. ವೈದ್ಯರು ಬುರುಡೆ ಕೊರೆದಾಗ ಸಾಹೇಬರು ಕನ್ನಡಿ ಇರಿಸಿಕೊಂಡು ತಮ್ಮ ಮಿದುಳನ್ನು ತಾವೇ ನೋಡಿದರಂತೆ. ಬ್ರಿಟನ್ನಿನ ಲಾರ್ಡ್‌ಗಳ ಪೈಕಿ ಮಿದುಳಿದ್ದದ್ದಕ್ಕೆ ಕಣ್ಣಾರೆ ಕಂಡ ಸಾಕ್ಷಿಯಿರುವ ವಂಶ ಬಹುಶಃ ಇದೊಂದೇ.

1799ರ ಮೇ 4ರಂದು ಟಿಪ್ಪುವಿನ ಶ್ರೀರಂಗಪಟ್ಟಣ ಕೋಟೆಯನ್ನು ಮುತ್ತಿದ ಬ್ರಿಟಿಷ್ ದಂಡಿಗೆ ಇವರೇ ಸೇನಾಪತಿ. ಅಕ್ಕಿ ಮುಗಿಯುತ್ತ ಬಂದಿತ್ತು, ಮಳೆ ಹಿಡಿದು ಕಾವೇರಿ ತುಂಬಿದರೆ ಮುತ್ತಿಗೆಯೇ ಮುಳುಗುತ್ತಿತ್ತು. ಡೇರೆಯಲ್ಲಿ ಚಿಂತೆಗೆ ಬಿದ್ದು ಕೂತಿದ್ದವರನ್ನು ಸೇನಾಧಿಕಾರಿ ಜಾನ್ ಮಾಲ್ಕಮ್ ‘ಮೈ ಲಾರ್ಡ್’ ಎಂದೇ ಕರೆದು ತಮಾಷೆ ಮಾಡಿದರಂತೆ. ಕೋಟೆಯಿನ್ನೂ ಬಿದ್ದಿರಲಿಲ್ಲ, ಬಿರುದಾಗಲೇ ಡೇರೆಯೊಳಗೆ ಬಂದು ಕೂತಿತ್ತು! ಹ್ಯಾರಿಸ್ ಸಿಡುಕಿದರು: ಹೊರಗಿರುವ ಪಹರೆಯವನು ಹೊಟ್ಟೆಗಿಲ್ಲದೆ ಎಷ್ಟು ಸೊರಗಿದ್ದಾನೆಂದರೆ ಒಬ್ಬ ಸಿಪಾಯಿ ತಳ್ಳಿದರೆ ಬೀಳುತ್ತಾನೆ, ಹೊಗಳಿಕೆಗೆ ಇದು ಹೊತ್ತಲ್ಲ.

ಮಧ್ಯಾಹ್ನ ಕೋಟೆ ಬಿತ್ತು. ಲೂಟಿಯ ಹಣದಲ್ಲಿ ಎಂಟನೇ ಒಂದು ಪಾಲು, ಸುಮಾರು 1 ಲಕ್ಷ 43 ಸಾವಿರ ಪೌಂಡ್, ಸೇನಾಪತಿಗೆ. ಗೋರಾ ಸೈನಿಕನಿಗೆ ಏಳು ಪೌಂಡ್ ಆಸುಪಾಸು, ದೇಸೀ ಸಿಪಾಯಿಗೆ ಐದು. ಪಾಲು ಹೆಚ್ಚಾಯಿತೆಂದು ಈಸ್ಟ್ ಇಂಡಿಯಾ ಕಂಪನಿಯೇ ವ್ಯಾಜ್ಯ ಹೂಡಿತು. ಲೂಟಿ ಸರಿಯೋ ತಪ್ಪೋ ಎಂದಲ್ಲ, ಎಂಟರಲ್ಲೊಂದೋ ಹದಿನಾರರಲ್ಲೊಂದೋ ಎಂದು. ಲಂಡನ್ನಿನ ಮೇಲ್ಮನವಿ ನ್ಯಾಯಪೀಠವಾದ ಪ್ರೀವಿ ಕೌನ್ಸಿಲ್ ಸಾಹೇಬರ ಪರ ತೀರ್ಪು ಕೊಟ್ಟಿತು. ಅಷ್ಟರಲ್ಲಾಗಲೇ 1801ರಲ್ಲಿ ಬೆಲ್ಮಾಂಟ್ ಬಂಗಲೆ ಖರೀದಿಯಾಗಿತ್ತು. ಖುದ್ದಾಗಿ ಕೋಟೆಗೆ ನುಗ್ಗಿದ ಡೇವಿಡ್ ಬೇರ್ಡ್‌ಗೆ ಸಿಕ್ಕಿದ್ದು ಪಾರ್ಲಿಮೆಂಟಿನ ಮೇಲ್ಮನೆಯಾದ ಲಾರ್ಡ್ಸ್ ಸಭೆಯಲ್ಲಿ ಕೂರುವ ಹಕ್ಕಿಲ್ಲದ ಬ್ಯಾರನೆಟ್ ಪದವಿ, ಅದೂ 1809ರಲ್ಲಿ.

ಎರಡನೆಯ ಹ್ಯಾರಿಸ್ ಅಪ್ಪನ ಜೊತೆ ಇಲ್ಲೇ ಕಾದಾಡಿ, ಮುಂದೆ ವಾಟರ್ಲೂನಲ್ಲಿ ಗಾಯಗೊಂಡರು. ಮೂರನೆಯವರು ಮದ್ರಾಸಿನ ಗವರ್ನರ್. ನಾಲ್ಕನೆಯವರು ಇಂಗ್ಲೆಂಡ್ ಕ್ರಿಕೆಟ್ ತಂಡದ ನಾಯಕರು. ಮುಂಬಯಿಯ ಶಾಲಾ ಕ್ರಿಕೆಟ್ ಪಂದ್ಯಾವಳಿ ಹ್ಯಾರಿಸ್ ಶೀಲ್ಡ್ ಅವರದೇ ಹೆಸರಿನದು. ಅಲ್ಲಿ ಗವರ್ನರ್ ಆಗಿದ್ದಾಗ, 1893ರಲ್ಲಿ, ಮುಂಬಯಿ ಗಲಭೆಯಲ್ಲಿ ಬೇಯುತ್ತಿದ್ದರೆ ಅವರು ಪುಣೆಯಲ್ಲಿ ಕ್ರಿಕೆಟ್ಟಿನಲ್ಲಿದ್ದರೆಂಬ ಟೀಕೆ ಇವತ್ತಿಗೂ ಬಿಟ್ಟಿಲ್ಲ. ಐದನೆಯವರು ಗಡಿಯಾರ ಕೂಡಿಟ್ಟರು, ನೂರಾರು. ಸೆರಿಂಗಪಟಂ ಗೆದ್ದ ಬಂಗಲೆಯಲ್ಲಿ ಕೊನೆಗೆ ಉಳಿದ ಶಿಸ್ತೆಂದರೆ ಕೀಲಿ ಕೊಡುವುದು.

1995ರಲ್ಲಿ ಆರನೆಯವರು ಗಂಡುಮಕ್ಕಳಿಲ್ಲದೆ ತೀರಿಕೊಂಡರು. ಬಂಗಲೆ ಟ್ರಸ್ಟಿನ ಪಾಲು, ಬಿರುದು ದೂರದ ದಾಯಾದಿಯ ಪಾಲು. ಮರುವರ್ಷ ಅವರೂ ತೀರಿಕೊಂಡರು, ಮಗನ ಸರದಿ ಬಂತು.

ಈ ವರ್ಗಾವಣೆ ಥೇಟ್ ನಮ್ಮ ಪೌತಿ ಖಾತೆಯೇ, ಜಮೀನೊಂದು ಇಲ್ಲ. ಈಗಿನ ಕ್ರಮದಲ್ಲಿ ಹಿಂದಿನವರ ಮರಣ ಪತ್ರ, ತಂದೆತಾಯಿಯ ಮದುವೆ ಪತ್ರ, ತಂದೆತಾಯಿಯ ಹೆಸರಿರುವ ಜನನ ಪತ್ರ, ಮನೆತನ ಬಲ್ಲವರ ಪ್ರಮಾಣಪತ್ರ ಎಲ್ಲ ಲಗತ್ತಿಸಿ ಅರ್ಜಿ ಹಾಕಬೇಕು. 2004ರಿಂದ ‘ರೋಲ್ ಆಫ್ ದಿ ಪಿಯರೇಜ್’ ಎಂಬ ಪಟ್ಟಿಯಿದೆ; ಅದರಲ್ಲಿ ಹೆಸರು ಏರದಿದ್ದರೆ ಸರಕಾರಿ ಕಾಗದದಲ್ಲಿ ಯಾರೂ ಲಾರ್ಡ್ ಎನ್ನುವುದಿಲ್ಲ.

ಅರ್ಜಿ ಬಿದ್ದುಹೋಗುವುದು ಮದುವೆ ಪತ್ರದ ತಾರೀಖಿನಲ್ಲಿ. ದತ್ತುಮಗ ನಡೆಯುವುದಿಲ್ಲ. ಮದುವೆಗೆ ಮುಂಚೆ ಹುಟ್ಟಿದವನು, ಅಪ್ಪ ಆಮೇಲೆ ತಾಳಿ ಕಟ್ಟಿದರೂ, ನಡೆಯುವುದಿಲ್ಲ. ಮಗಳಂತೂ ಲೆಕ್ಕಕ್ಕೇ ಇಲ್ಲ. ಇಲ್ಲಿ 2005ರಿಂದ ಹಿಂದೂ ಕುಟುಂಬದ ಪಿತ್ರಾರ್ಜಿತದಲ್ಲಿ ಮಗಳಿಗೆ ಸಮಪಾಲು. ಸೆರಿಂಗಪಟಂ ಬಿರುದಿನಲ್ಲಿ ಮಾತ್ರ ಸೊನ್ನೆ.

ಮೈಸೂರಿನ ಮೇಲೆ ದಂಡೆತ್ತಿ ಬಂದ ದೊಡ್ಡವರೇ ಈ ನಿಯಮಕ್ಕೆ ಬಲಿ. 1792ರಲ್ಲಿ ಟಿಪ್ಪುವಿನ ಇಬ್ಬರು ಗಂಡುಮಕ್ಕಳನ್ನು ಒತ್ತೆಯಿಟ್ಟುಕೊಂಡ ಗವರ್ನರ್ ಜನರಲ್ ಕಾರ್ನ್‌ವಾಲಿಸ್, ಬ್ಯಾರನ್‌ಗಿಂತ ಮೇಲಿನ ದರ್ಜೆಯ ಮಾರ್ಕ್ವೆಸ್ ಆದರು. ಅವರ ಮಗನಿಗೆ ಐವರೂ ಹೆಣ್ಣುಮಕ್ಕಳು, 1823ಕ್ಕೆ ಆ ಬಿರುದು ಖತಂ. 1799ರ ಯುದ್ಧದ ಕಾಲದ ಗವರ್ನರ್ ಜನರಲ್ ವೆಲ್ಲೆಸ್ಲಿಗೆ ಸಿಕ್ಕಿದ್ದು ಕಡಿಮೆ ತೂಕದ ಐರಿಷ್ ಮಾರ್ಕ್ವೆಸ್ ಪದವಿ. ‘ಎರಡು ಸಲ ಚಿನ್ನ ಲೇಪಿಸಿದ ಆಲೂಗಡ್ಡೆ’ ಎಂದು ಅವರೇ ಗೊಣಗಿದರು. 1794ರಲ್ಲಿ ಮದುವೆಯಾದ ಹೆಂಡತಿಯಿಂದ ಅವರಿಗಾದ ಮಕ್ಕಳೆಲ್ಲ ಆ ಮದುವೆಗೆ ಮೊದಲೇ ಹುಟ್ಟಿದವರು. ಟಿಪ್ಪುವಿನ ಕೋಟೆ ಗೆಲ್ಲಲು ತಿಂಗಳೊಪ್ಪತ್ತು ಸಾಕಾಯಿತು, ಪುರೋಹಿತರ ಮುಂದೆ ಸಕಾಲಕ್ಕೆ ನಿಲ್ಲಲಾಗಲಿಲ್ಲ. 1842ರಲ್ಲಿ ಆಲೂಗಡ್ಡೆ ಅವರ ಜೊತೆಗೇ ಮಣ್ಣಾಯಿತು.

ಹ್ಯಾರಿಸ್ ವಂಶದ ಬಿರುದು ಉಳಿದಿದೆ, ಕುರ್ಚಿ ಹೋಗಿದೆ. ಕೋಟೆ ಬಿದ್ದು ಸರಿಯಾಗಿ 200 ವರ್ಷಕ್ಕೆ, 1999ರಲ್ಲಿ, ಲಾರ್ಡ್ಸ್ ಸಭೆಯಲ್ಲಿ 92 ವಂಶಪಾರಂಪರ್ಯದವರನ್ನು ಬಿಟ್ಟು ಉಳಿದವರನ್ನೆಲ್ಲ ಎಬ್ಬಿಸಿ ಕಳಿಸಿದರು. ಆ 92ರಲ್ಲಿ ಸೆರಿಂಗಪಟಂ ಇರಲಿಲ್ಲ. ಆಮೇಲೆ 2024ರ ತನಕ, ಆ 92ರಲ್ಲಿ ಯಾರಾದರೂ ಸತ್ತರೆ ಉಪಚುನಾವಣೆ ನಡೆಯುವ ಪದ್ಧತಿಯಿತ್ತು. 2016ರಲ್ಲಿ ಲಿಬರಲ್ ಡೆಮಾಕ್ರಾಟ್ ಪಕ್ಷದ ಒಂದು ಸ್ಥಾನಕ್ಕೆ ಏಳು ಜನ ಹುರಿಯಾಳುಗಳು, ಮೂರು ಜನ ಮತದಾರರು. ಮೂರೂ ಮತ ವೈಕೌಂಟ್ ಥರ್ಸೋ ಒಬ್ಬರಿಗೇ ಬಿದ್ದವು. ಮತದಾನ ಶೇಕಡಾ 100.