ಕಲಾವರ್ ಆರು

ಅಣ್ಣನ ಅಳಿಯಂದಿರು ಬೆಂಗಳೂರಿನಿಂದ ಬರುವಾಗ ಹೊಸ ಇಸ್ಪೀಟ್ ಕಟ್ಟು ತಂದಿದ್ದರು. ಪ್ಲಾಸ್ಟಿಕ್ ಎಲೆ, ಕಲಸಲು ಹೋದರೆ ಒದ್ದೆ ಸೋಪಿನ ಹಾಗೆ ಜಾರುತ್ತದೆ. ಅದನ್ನೂ ಸಹಿಸಿಕೊಂಡೆ. ಎರಡರಿಂದ ಐದರವರೆಗಿನ ಎಲೆಗಳನ್ನು ಆರಿಸಿ ಪಕ್ಕಕ್ಕೆ ಹಾಕಿ, ಆಮೇಲೆ ಕಲಾವರ್ ಆರನ್ನೂ ತೆಗೆದಿಟ್ಟೆ.

"ಮಾವ, ಅದೊಂದು ಯಾಕೆ?"

ಮೂವತ್ತೈದು ವರ್ಷದಿಂದ ನಮ್ಮ ಜಗಲಿಯಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. "ಯಾವ ಆರು ತೆಗೆದರೂ ಲೆಕ್ಕ ಒಂದೇ ಅಲ್ವಾ?" ಎಂದು ಬೇರೆ ಸೇರಿಸಿದರು. ಲೆಕ್ಕ ಒಂದೇ, ನಿಜ. ತಾಳಿಯನ್ನು ಯಾರು ಕಟ್ಟಿದರೂ ಗಂಟು ಮೂರೇ, ಅದೂ ನಿಜ. ಹೇಳಲಿಲ್ಲ, ಮನೆ ಅಳಿಯಂದಿರು.

ವಿಷಯ ಇಷ್ಟು. ಚಿಕ್ಕಪ್ಪನಿಗೆ ಚೀಟಿ ಸಿಗದಿದ್ದರೆ ಕೈಗೆ ಬಂದದ್ದರ ಮೇಲೆ ಬರೆಯುವ ಚಾಳಿ. ಒಮ್ಮೆ ಶಿವಮೊಗ್ಗದ ಮಂಡಿಗೆ ಹೊರಟವನು ತರಬೇಕಾದ ಸಾಮಾನಿನ ಪಟ್ಟಿಯನ್ನು ಕಲಾವರ್ ಆರರ ಬಿಳಿ ಜಾಗದಲ್ಲಿ ಗೀಚಿ ಜೇಬಿಗೆ ಹಾಕಿಕೊಂಡ. ಅದೇ ವಾರ, ಅದೇ ಅಂಗಿಯಲ್ಲಿ, ತೀರ್ಥಹಳ್ಳಿ ಹತ್ತಿರ ಹೆಣ್ಣು ನೋಡಲು ಹೋದೆವು. ನನಗಾಗ ಹತ್ತು ವರ್ಷ. ಉಪ್ಪಿಟ್ಟಿನ ಆಸೆಗೆ ಹೋದವನು. ಚಿಕ್ಕಪ್ಪ ಹಿರಿಯರ ಕಾಲಿಗೆ ಬಗ್ಗಿದ. ಎಲೆ ಟಪ್ಪನೆ ನೆಲಕ್ಕೆ ಬಿತ್ತು.

ಇಸ್ಪೀಟ್ ಎಲೆ ಜೇಬಲ್ಲಿಟ್ಟುಕೊಂಡು ಓಡಾಡುವ ಗಂಡು! ಅಪ್ಪನ ಮುಖ ಕಪ್ಪಿಟ್ಟಿತು. ಹೆಣ್ಣಿನ ಸೋದರಮಾವ ಕೆಮ್ಮಿದರು. ಹೆಣ್ಣಿನ ತಂದೆ ಮಾತ್ರ ನಿಧಾನಕ್ಕೆ ಎಲೆ ಎತ್ತಿಕೊಂಡು, ಕನ್ನಡಕ ಏರಿಸಿ, ಮುಂದೆ ಹಿಂದೆ ತಿರುಗಿಸಿ ನೋಡಿದರು. ಅವರು ಇಪ್ಪತ್ತೆಂಟು ಎಂಬ ಇಸ್ಪೀಟ್ ಆಟದ ಹುಚ್ಚರೆಂದು ನಮಗೆ ಗೊತ್ತಿರಲಿಲ್ಲ. ನಾಲ್ಕು ಜನರ ಇಪ್ಪತ್ತೆಂಟಿಗೆ ಬೇಕಾದದ್ದು ಏಳರಿಂದ ಎಕ್ಕದವರೆಗೆ 32 ಎಲೆ. ಗುಲಾಮನಿಗೆ ಮೂರು ಪಾಯಿಂಟ್, ಒಂಬತ್ತಕ್ಕೆ ಎರಡು, ಎಕ್ಕಕ್ಕೂ ಹತ್ತಕ್ಕೂ ಒಂದೊಂದು. ಆರಕ್ಕೆ ಆ ಆಟದಲ್ಲಿ ಜಾಗವೇ ಇಲ್ಲ.

"ಗುಲಾಮ ಬಿದ್ದಿದ್ದರೆ ನಾನು ಯೋಚನೆ ಮಾಡ್ತಿದ್ದೆ," ಎಂದರು. "ಆರನ್ನ ಕದ್ದಿಟ್ಟುಕೊಳ್ಳುವವನು ಮೋಸಗಾರ ಅಲ್ಲ, ಪಾಪದವನು. ಹುಡುಗಿ ಕರೀರಿ."

ಎಲೆ ಮಾತ್ರ ಹಿಂದೆ ಕೊಡಲಿಲ್ಲ. ಚಿಕ್ಕಮ್ಮ ಬಂದರು, ಬಾಣಂತನಗಳಾದವು, ಆ ಹಿರಿಯರೂ ಹೋದರು; ಕಲಾವರ್ ಆರು ಇವತ್ತಿಗೂ ಅವರ ತವರಿನ ಕಬ್ಬಿಣದ ಪೆಟ್ಟಿಗೆಯಲ್ಲಿದೆಯಂತೆ.

ಮದುವೆಯ ನಂತರದ ಮಳೆಗಾಲದಲ್ಲಿ ಮೂರು ದಿನ ಕರೆಂಟಿಲ್ಲ, ಮನೆಯಲ್ಲಿ ಆಡುವವರು ಐದು ಜನ. ಇಪ್ಪತ್ತೆಂಟಿಗೆ ಐದು ಜನ ಅಂದರೆ ಒಬ್ಬರು ಬಾಯಿ ನೋಡಬೇಕು. ಚಿಕ್ಕಮ್ಮ ಉಳಿದಿದ್ದ ಮೂರು ಆರುಗಳನ್ನು ಸೇರಿಸಿ 35 ಮಾಡಿ, ಏಳೇಳು ಹಂಚಿದರು. ಜೊತೆಗಾರ ಯಾರು? ಎಲ್ಲರಿಗಿಂತ ಹೆಚ್ಚು ಪಾಯಿಂಟ್ ಕೇಳಿದವರು ಒಂದು ಎಲೆಯ ಹೆಸರು ಹೇಳಬೇಕು. ಅದು ಯಾರ ಕೈಯಲ್ಲಿದೆಯೋ ಅವರು ಗುಟ್ಟಾಗಿ ಅವರ ಕಡೆ. ಉಳಿದ ಕಾನೂನೆಲ್ಲ ಜಗಳದಿಂದ ಹುಟ್ಟಿದ್ದು. ಹಂಚುವಾಗ ಕರೆಂಟ್ ಬಂದರೆ ಮತ್ತೆ ಹಂಚಬೇಕು. ಅಪ್ಪ "ಹೂಂ" ಅಂದರೆ ಅದು ಅಭ್ಯಾಸ, ಲೆಕ್ಕಕ್ಕಿಲ್ಲ. ಅಪ್ಪ ಹೋಗಿ ಎಂಟು ವರ್ಷವಾಯಿತು, ಕಾನೂನು ಇನ್ನೂ ಇದೆ.

ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಗಂಜೀಫಾ ಎಂಬ ಚಿತ್ರದೆಲೆಯ ಇಸ್ಪೀಟಿನಲ್ಲಿ ಹೊಸ ಹೊಸ ಆಟಗಳನ್ನು ಕಟ್ಟಿದರು, ಅದರಲ್ಲಿ 360 ಎಲೆಯದೂ ಒಂದು. ಅವರದು ಅರಮನೆ, ಎಲೆ ಕಳೆದರೆ ಚಿತ್ರಗಾರರು ಇನ್ನೊಂದು ಬರೆದುಕೊಡುತ್ತಿದ್ದರು. ನಮ್ಮ ಆಟ ಹುಟ್ಟಿದ್ದೇ ಎಲೆ ಕಳೆದು.

ಇದನ್ನೆಲ್ಲ ಹೇಳಿ ಮುಗಿಸುವಷ್ಟರಲ್ಲಿ ಅಳಿಯಂದಿರು ಫೋನಿನಲ್ಲಿ ಕಾನೂನುಗಳನ್ನು ನಂಬರ್ ಹಾಕಿ ಬರೆದುಕೊಂಡಿದ್ದರು. ಚಿಕ್ಕಪ್ಪನ ಕಥೆ ಅದರಲ್ಲಿ ಒಂದು ಸಾಲೂ ಇಲ್ಲ. ಪತ್ರೊಡೆ ಬಾಯಿಗಿಡುವ ಮೊದಲೇ ಮಾಡುವ ವಿಧಾನ ಕೇಳುವ ಜನ ಇವರು.

ಅಷ್ಟರಲ್ಲಿ ಅಣ್ಣನ ಮಗಳು ಬಂದು "ನನಗೂ ಹಾಕಿ" ಎಂದಳು. ಅಳಿಯಂದಿರ ಮುಖ ಅರಳಿತು. "ಆರು ಜನ ಆದ್ರೆ 36 ಎಲೆ, ತಲಾ ಆರು. ಈಗ ಕಲಾವರ್ ಆರು ಬೇಕಾಯ್ತಲ್ಲ ಮಾವ!"

ಎಲೆ ಇಟ್ಟಲ್ಲಿ ಇರಲಿಲ್ಲ. ಚಿಕ್ಕಮ್ಮ ಅದನ್ನಾಗಲೇ ಸೊಂಟಕ್ಕೆ ಸಿಕ್ಕಿಸಿಕೊಂಡು, ಏನೂ ಗೊತ್ತಿಲ್ಲದವರ ಹಾಗೆ ಎಲೆಯಡಿಕೆಗೆ ಸುಣ್ಣ ಹಚ್ಚುತ್ತಿದ್ದರು.

ಹಾಗಾಗಿ ಎದ್ದವನು ನಾನೇ. ಹಿಂದೆ ಕೂತು ಎಲ್ಲರ ಕೈ ನೋಡಿದೆ. ಅಳಿಯಂದಿರ ಹತ್ತಿರ ಎರಡು ಗುಲಾಮ, ಒಂದು ಒಂಬತ್ತು. ಅತಿ ಕಡಿಮೆ ಕೂಗು ಹದಿನಾಲ್ಕು, ಅದನ್ನೂ ಕೇಳದೆ ಪಾಸ್ ಅಂದರು.