ಆರ್ ಅಂದ್ರೆ ರಿನೇಮ್

ಇವತ್ತು ಬೆಳಿಗ್ಗೆ ಕಂಪ್ಯೂಟರ್ ಚಾಲೂ ಮಾಡಿದ ಕೂಡಲೇ ಮತ್ತೆ ಅದೇ ಚೌಕ ಎದ್ದು ನಿಂತಿತು. ‘ಹೊಸ ಆವೃತ್ತಿ ಬಂದಿದೆ. ಈಗಲೇ ಹಾಕಿಕೊಳ್ಳುತ್ತೀರಾ, ಆಮೇಲೆ ಹಾಕಿಕೊಳ್ಳುತ್ತೀರಾ?’ ಬೇಡವೇ ಬೇಡ ಅನ್ನುವ ಗುಂಡಿ ಎಲ್ಲೂ ಇಲ್ಲ. ಹೋದ ಸಲ ‘ಈಗಲೇ’ ಒತ್ತಿದ ಉರಿಯೇ ಇನ್ನೂ ಆರಿಲ್ಲ, ಇನ್ನೊಂದು ಬಂತು ನೋಡಿ.

ನಂದು ಸಣ್ಣ ರೆಕಾರ್ಡಿಂಗ್ ಕೋಣೆ. ಕಲಬುರಗಿಯ ಬ್ರಹ್ಮಪುರದಲ್ಲಿ, ಮನೆಯ ಮೇಲೆ. ನೆಲಕ್ಕೆ ಶಹಾಬಾದ್ ಕಲ್ಲು. ಕಾಲಿಗೆ ತಂಪು, ಮೈಕಿಗೆ ಕೇಡು. ಒಮ್ಮೆ ಕೆಮ್ಮಿದರೆ ಎರಡು ಸಲ ಕೇಳಿಸುತ್ತದೆ. ಅದಕ್ಕೆ ಅವ್ವ ಹೊಲಿದ ಕೌದಿಗಳನ್ನೆಲ್ಲ ಗೋಡೆಗೆ ತೂಗುಹಾಕಿದ್ದೇನೆ. ಸೀರೆ ಸೇಲಿನ ಆಟೋ ಪ್ರಚಾರ, ಜಾತ್ರೆಯ ಅನೌನ್ಸ್‌ಮೆಂಟು, ಭಜನೆ, ತತ್ವಪದ, ಯಾರಾದರೂ ಮನಸ್ಸು ಮಾಡಿದರೆ ಮದುವೆ ಹಾಡು. ಇಷ್ಟೇ ನನ್ನ ಧಂದೆ.

ಒಂಬತ್ತು ವರ್ಷದಿಂದ ಒಂದೇ ಸಾಫ್ಟ್‌ವೇರ್. ಅದರಲ್ಲಿ ಆರ್ ಅಕ್ಷರ ಒತ್ತಿದರೆ ರೆಕಾರ್ಡ್, ಸ್ಪೇಸ್ ಒತ್ತಿದರೆ ನಿಲ್ಲುತ್ತದೆ. ಕಣ್ಣು ಮುಚ್ಚಿ ಒತ್ತುತ್ತಿದ್ದೆ. ಅಡಿಗೆಮನೆಯಲ್ಲಿ ಕರೆಂಟು ಹೋದಾಗ ಹೆಂಡತಿಗೆ ಉಪ್ಪಿನ ಡಬ್ಬಿ ಹೆಂಗೆ ಸಿಗುತ್ತದೋ ಹಂಗೆ.

ಹೊಸ ಆವೃತ್ತಿ ಮಾಡಿದವರು ಆ ಉಪ್ಪಿನ ಡಬ್ಬಿಯಲ್ಲಿ ಅರಿಶಿಣ ತುಂಬಿಟ್ಟರು.

ತೆರೆದ ಕೂಡಲೇ ಎಡದಿಂದ ಬಲಕ್ಕೆ ಓಡುವ ಪಟ್ಟಿಗಳಿಲ್ಲ. ಬರೀ ಚೌಕ ಚೌಕ, ಪಗಡೆ ಹಾಸಿನಂಗೆ. ಒಂದೊಂದು ಚೌಕದಲ್ಲಿ ಒಂದೊಂದು ತುಂಡು ಹಾಡು ಇಡಬೇಕಂತೆ, ಬೇಕಾದಾಗ ಬೇಕಾದ್ದು ಒತ್ತಬೇಕಂತೆ. ಹೇಳಿಕೊಡುವ ವಿಡಿಯೋದಲ್ಲಿ ನೇರಳೆ ಲೈಟಿನ ಕೋಣೆಯಲ್ಲಿ ಸ್ವೆಟರ್ ಹಾಕಿಕೊಂಡ ಹುಡುಗನೊಬ್ಬ, ಇನ್ನು ಮೇಲೆ ನಿಮ್ಮ ಕೆಲಸಕ್ಕೆ ಅಡ್ಡಿಯೇ ಇಲ್ಲ ಎಂದು ನಗುತ್ತಿದ್ದ. ನಮ್ಮಲ್ಲಿ ಅವತ್ತು 42 ಡಿಗ್ರಿ. ಅವನ ಸ್ವೆಟರ್ ನೋಡಿಯೇ ನನಗೆ ಸಿಟ್ಟು ಬಂತು.

ಹಿಂದಕ್ಕೆ ಹೋಗೋಣ ಅಂದರೆ ಅದೂ ಆಗಲಿಲ್ಲ. ಹೊಸದರಲ್ಲಿ ಒಮ್ಮೆ ಸೇವ್ ಮಾಡಿದ ಕೆಲಸ ಹಳೆಯದರಲ್ಲಿ ತೆರೆಯುವುದಿಲ್ಲ. ನಾನೋ ಮೊದಲ ದಿನವೇ ಹುಮ್ಮಸ್ಸಿನಲ್ಲಿ ಎಲ್ಲವನ್ನೂ ತೆರೆದು ಸೇವ್ ಮಾಡಿ ಕೂತಿದ್ದೆ.

ಇಂಥ ಹೊತ್ತಲ್ಲೇ ಮುತ್ಯಾ ಬರಬೇಕೇ?

ಮುತ್ಯಾ ಜೇವರ್ಗಿ ಕಡೆಯವರು. ಎಪ್ಪತ್ತೈದು ದಾಟಿದೆ. ಅಮಾವಾಸ್ಯೆಗೆ ಬಸ್ಸು ಹಿಡಿದು ಬಂದು, ಶರಣಬಸವೇಶ್ವರರ ಗುಡಿಗೆ ಹೋಗಿ ಕಾಯಿ ಒಡೆಸಿ, ಕೈಯಲ್ಲಿ ಏಕತಾರಿ ಹಿಡಿದು ನಮ್ಮ ಮೆಟ್ಟಿಲು ಹತ್ತುತ್ತಾರೆ. ಪುಣೆಯಲ್ಲಿರುವ ಮೊಮ್ಮಗನಿಗೆ ಅಜ್ಜನ ತತ್ವಪದಗಳೆಲ್ಲ ಮೊಬೈಲಿನಲ್ಲಿ ಬೇಕಂತೆ. ದುಡ್ಡು ಅವನೇ ಕಳಿಸುತ್ತಾನೆ.

ಮುತ್ಯಾನ ಹತ್ತಿರ ಒಂದು ಕಾಯ್ದೆ ಇದೆ. ಅವರು ಹಾಡುವಾಗ ಕೇಳುವವರು ಅವರ ಮುಖವನ್ನೇ ನೋಡಬೇಕು. ಕಂಪ್ಯೂಟರ್ ಕಡೆ ಕಣ್ಣು ಹೊರಳಿತೋ, ಏಕತಾರಿ ನಿಂತಿತು. ‘ನನ್ ಕಡಿ ನೋಡೋ ತಮ್ಮಾ. ಡಬ್ಬಿ ಏನು ಹಾಡ್ತದ?’ ಬರೀ ನೋಡಿದರೂ ಸಾಲದು. ನುಡಿ ಮುಗಿದಾಗ ತಲೆ ಆಡಿಸಬೇಕು. ಒಳ್ಳೆ ಮಾತು ಬಂದಾಗ ಬಾಯಿ ತೆಗೆಯದೆ ‘ಆಹಾ’ ಅನ್ನಬೇಕು, ಯಾಕಂದರೆ ಬಾಯಿ ತೆಗೆದರೆ ಮೈಕು ಹಿಡಿಯುತ್ತದೆ. ಕಣ್ಣಲ್ಲೇ ಆಹಾ ಅನ್ನುವುದು ಸುಮ್ನೆ ಅಲ್ಲ. ನಾನು ಎರಡು ವರ್ಷದಲ್ಲಿ ಕಲಿತಿದ್ದೇನೆ. ಹುಬ್ಬು ಎರಡೂ ಒಟ್ಟಿಗೆ ಏಳಬೇಕು. ಒಂದೇ ಎದ್ದರೆ ‘ಯಾಕ, ತಪ್ಪು ಹಾಡಿದೆನೇನು?’ ಎಂದು ಅಲ್ಲಿಗೇ ನಿಲ್ಲಿಸುತ್ತಾರೆ.

ಅವತ್ತು ಕೂಲರ್ ಬಂದ್ ಮಾಡಿದೆ. ರೆಕಾರ್ಡಿಂಗ್ ಅಂದರೆ ಮೊದಲು ಕೂಲರಿನ ಬಾಯಿ ಮುಚ್ಚಿಸಬೇಕು, ಬೇಸಿಗೆಯಲ್ಲಿ ಇದಕ್ಕಿಂತ ದೊಡ್ಡ ತಪಸ್ಸಿಲ್ಲ. ಮುತ್ಯಾನ ಕಿವಿಗೆ ಹೆಡ್‌ಫೋನ್ ಏರಿಸಿದೆ.

‘ಯಾರೋ ಬಾಗಿಲ ಬಡೀಲತ್ಯಾರ ನೋಡು,’ ಅಂದರು.

ಯಾರೂ ಇರಲಿಲ್ಲ. ಹೊಸ ಆವೃತ್ತಿ ತಾನಾಗಿಯೇ ನಿಮಿಷಕ್ಕೆ 120ರ ಲೆಕ್ಕದಲ್ಲಿ ಟಿಕ್ ಟಿಕ್ ಶುರು ಮಾಡಿತ್ತು. ಈ ಸಾಫ್ಟ್‌ವೇರ್‌ಗಳಿಗೆ 120ರ ಮೇಲೆ ಏನು ಪ್ರೀತಿಯೋ, ಯಾವುದನ್ನೇ ತೆರೆಯಿರಿ, ಹೇಳದಿದ್ದರೆ ಅಲ್ಲಿಂದಲೇ ಶುರು. ಮುತ್ಯಾನ ತಾಳ ಉಸಿರಿನ ಲೆಕ್ಕದ್ದು. ಮಾತು ತೂಕದ್ದಾದರೆ ನಿಧಾನ, ಹಗುರವಾದರೆ ಜೋರು. ಟಿಕ್ ಟಿಕ್ ತೆಗೆದೆ.

ಎರಡು ಸಾಲು ಹಾಡಿ ಮತ್ತೆ ನಿಲ್ಲಿಸಿದರು. ‘ನನ್ ಹಿಂದ ಯಾವನೋ ಹಾಡ್ಲತ್ಯಾನಲ್ಲೋ!’

ಅದೂ ಖರೇನೇ. ಬಫರ್ ಅಂದರೆ ಕಂಪ್ಯೂಟರ್ ಒಂದೊಂದು ಸಲಕ್ಕೆ ಕೂಡಿಟ್ಟುಕೊಂಡು ಮುಂದೆ ಕಳಿಸುವ ದನಿಯ ತುಂಡು. ನಾನು 128 ಸ್ಯಾಂಪಲ್‌ಗೆ ಇಟ್ಟುಕೊಂಡಿದ್ದ ಬಫರನ್ನು ಹೊಸದು 1024 ಮಾಡಿಟ್ಟಿತ್ತು. ನನ್ನ 48 ಕಿಲೋಹರ್ಟ್ಜ್, ಅಂದರೆ ಸೆಕೆಂಡಿಗೆ 48 ಸಾವಿರ ಸ್ಯಾಂಪಲ್ ಲೆಕ್ಕಕ್ಕೆ ದನಿ ಒಳಗೆ ಹೋಗಲು 21 ಮಿಲಿಸೆಕೆಂಡ್, ಹೊರಗೆ ಬರಲು ಇನ್ನೊಂದು 21. ಕಾಗದದ ಮೇಲೆ ಏನೂ ಅಲ್ಲ. ಕಿವಿಯೊಳಗೆ ಮಾತ್ರ ನಮ್ಮದೇ ದನಿ ನಮ್ಮನ್ನು ಅಣಕಿಸಿದಂಗೆ ಇರುತ್ತದೆ. ನಾನು ಸರಿ ಮಾಡುವಷ್ಟರಲ್ಲಿ ಮುತ್ಯಾ ಹೆಡ್‌ಫೋನ್ ತೆಗೆದು ತೊಡೆಯ ಮೇಲೆ ಇಟ್ಟುಕೊಂಡಾಗಿತ್ತು. ‘ಇದು ನಿಂಗೇ ಇರ್ಲಿ. ಹಂಗೇ ಹಾಡ್ತೀನಿ. ನೋಡು ನನ್ ಕಡಿ.’

ನೋಡಿದೆ. ಪರದೆಯಲ್ಲಿ ದನಿಯ ಹಸಿರು ಪಟ್ಟಿ ಕುಣಿಯುತ್ತಿದ್ದುದನ್ನು ಕಣ್ಣಂಚಿನಲ್ಲಿ ಕಂಡೆ. ಬೆರಳು ತಾನೇ ಹೋಗಿ ಆರ್ ಒತ್ತಿತು. ತಲೆ ಆಡಿಸಿದೆ.

ಮುತ್ಯಾ ಅವತ್ತು ಹಾಡಿದ ಹಾಡು! ಕೌದಿಗಳೂ ಅಲುಗಾಡಲಿಲ್ಲ. ಹದಿನಾಲ್ಕು ನಿಮಿಷ. ಬೆವರು ಹಣೆಯಿಂದ ಮೀಸೆಗೆ ಇಳಿದರೂ ಒರೆಸಿಕೊಳ್ಳಲಿಲ್ಲ. ನಡುವೆ ಒಂದು ಕಡೆ ದನಿ ಸಣ್ಣಗೆ ನಡುಗಿತು. ಅದು ವಯಸ್ಸಿನ ನಡುಕ ಅಲ್ಲ. ನಾನು ಹುಬ್ಬು ಏರಿಸುವುದನ್ನೂ ಮರೆತೆ. ಕೊನೆಗೆ ಏಕತಾರಿಯ ಗುಂಯ್ ಅನ್ನುವ ಸದ್ದು ಪೂರ್ತಿ ಆರುವ ತನಕ ಕಾದು, ಸ್ಪೇಸ್ ಒತ್ತಿ, ಪರದೆ ನೋಡಿದೆ.

ಸಮಯ ಸೊನ್ನೆಯಲ್ಲೇ ನಿಂತಿತ್ತು.

ಹೊಸ ಆವೃತ್ತಿಯಲ್ಲಿ ಆರ್ ಅಂದ್ರೆ ರಿನೇಮ್. ನಾನು ಆರ್ ಒತ್ತಿದಾಗ ಅದು ‘ಮುತ್ಯಾ’ ಎಂದು ನಾನು ಬರೆದಿದ್ದ ಟ್ರ್ಯಾಕಿನ ಹೆಸರನ್ನು ನೀಲಿ ಮಾಡಿಕೊಂಡು, ಏನು ಬರೆಯಲಿ ಎಂದು ಹದಿನಾಲ್ಕು ನಿಮಿಷ ಕಾದು ಕೂತಿತ್ತು. ಕೊನೆಗೆ ಸ್ಪೇಸ್ ಒತ್ತಿದೆನಲ್ಲ, ಇರುವ ಹೆಸರನ್ನೂ ಅಳಿಸಿ ಒಂದು ಖಾಲಿ ಜಾಗ ಬರೆದುಕೊಂಡಿತು. ಅಷ್ಟು ಹೊತ್ತಿನ ಹಾಡಿಗೆ ಅದು ಉಳಿಸಿಕೊಂಡದ್ದು ಅದೊಂದೇ.

‘ಬಂತೇನೋ ತಮ್ಮಾ?’

ನಾನು ಸುಳ್ಳು ಹೇಳಿದೆ. ‘ಬಂದದ್ರಿ ಮುತ್ಯಾ. ಆದ್ರ ನಡುವ ಒಂದು ಆಟೋ ಹೋತು. ಇನ್ನೊಮ್ಮೆ...’

‘ನಂಗ್ ಕೇಳ್ಸಿಲ್ಲಲ್ಲ ಆಟೋ.’

‘ಮೈಕಿಗೆ ಕೇಳ್ಸದ್ರಿ.’

ಮುತ್ಯಾ ನನ್ನ ಮುಖ ನೋಡಿದರು. ಅಷ್ಟು ದಿನ ಅವರ ಮುಖ ನೋಡಿ ನನಗೆ ರೂಢಿ. ಅವರು ನನ್ನ ಮುಖ ನೋಡಿದ್ದು ಅದೇ ಮೊದಲು. ಆಮೇಲೆ ಟವೆಲ್ ಕೊಡವಿ ಎದ್ದರು. ‘ಉಂಡ ರೊಟ್ಟಿ ಮತ್ತ ಉಣ್ಲಾಕ ಬರ್ತದೇನೋ? ಆ ಪದ ಇವತ್ತಿಂದು ಮುಗೀತು. ಕೂಲರ್ ಹಚ್ಚು.’

ಅವತ್ತು ರಾತ್ರಿ ನಿದ್ದೆ ಹತ್ತಲಿಲ್ಲ. ಎದ್ದು ಅಲಮಾರಿಯಿಂದ ಹಳೆಯ ಕ್ಯಾಸೆಟ್ ತೆಗೆದೆ. ಅವ್ವ ಬೀಸುವ ಕಲ್ಲಿನ ಪದ ಹಾಡಿದ್ದು, ಟೂ ಇನ್ ಒನ್‌ನಲ್ಲಿ ನಾನು ಹಿಡಿದದ್ದು. ಕೆಂಪು ಗುಂಡಿಯ ಜೊತೆ ಪ್ಲೇ ಗುಂಡಿಯನ್ನೂ ಒಟ್ಟಿಗೆ ಅದುಮಬೇಕಿತ್ತು, ಕಟಕ್ ಅನ್ನುವ ತನಕ. ಬೆರಳು ನೋಯುತ್ತಿತ್ತು. ಆ ನೋವೇ ರಸೀದಿ. ಕ್ಯಾಸೆಟ್ಟಿನ ಮೇಲಂಚಿನ ಎರಡು ಪ್ಲಾಸ್ಟಿಕ್ ಚೂರುಗಳನ್ನು ಅವತ್ತೇ ಮುರಿದಿದ್ದೆ, ಯಾರೂ ಅದರ ಮೇಲೆ ಇನ್ನೊಂದು ತುಂಬಬಾರದು ಅಂತ. ಈಗ ಅದನ್ನು ಹಾಕಿ ಕೇಳುವ ಯಂತ್ರ ಮನೆಯಲ್ಲಿಲ್ಲ. ಕೈಯಲ್ಲಿ ಹಿಡಿದುಕೊಂಡು ಸ್ವಲ್ಪ ಹೊತ್ತು ಕೂತಿದ್ದು, ಇದ್ದಲ್ಲೇ ಇಟ್ಟೆ.

ಮರುದಿನ ಸೆಟ್ಟಿಂಗ್‌ಗೆ ಹೊಕ್ಕೆ. ಯಾವ ಅಕ್ಷರಕ್ಕೆ ಯಾವ ಕೆಲಸ ಎಂದು ನಾವೇ ಬದಲಿಸಿಕೊಳ್ಳಬಹುದು. ಹುಡುಕುವ ಜಾಗದಲ್ಲಿ ‘ರೆಕಾರ್ಡ್’ ಎಂದು ಬರೆದೆ. ‘ಏನೂ ಸಿಗಲಿಲ್ಲ’ ಅಂದಿತು. ರೆಕಾರ್ಡಿಂಗ್ ಸಾಫ್ಟ್‌ವೇರಿನಲ್ಲಿ ರೆಕಾರ್ಡ್ ಇಲ್ಲ! ಅರ್ಧ ದಿನ ಹುಡುಕಿದ ಮೇಲೆ ತಿಳಿಯಿತು, ಅದಕ್ಕೆ ಈಗ ‘ಕ್ಯಾಪ್ಚರ್’ ಅನ್ನಬೇಕಂತೆ. ಊರಿಗೆ ಹೊಸ ಹೆಸರಿಟ್ಟರೆ ಬಸ್ಸಿನ ಬೋರ್ಡ್ ಮೇಲಾದರೂ ಬರೆಸುತ್ತಾರೆ. 2014ರಲ್ಲಿ ಗುಲ್ಬರ್ಗ ಕಲಬುರಗಿ ಆದಾಗ ಯಾರೂ ದಾರಿ ತಪ್ಪಲಿಲ್ಲ. ಇವರು ಮಾತ್ರ ಯಾರಿಗೂ ಹೇಳದೆ ಗುಂಡಿಗೆ ತೊಟ್ಟಿಲ ಕಾರ್ಯ ಮುಗಿಸಿದ್ದರು.

ಮುಂದಿನ ಅಮಾವಾಸ್ಯೆಗೆ ಮುತ್ಯಾ ಬಂದರು. ಬರುವುದಿಲ್ಲ ಅಂದುಕೊಂಡಿದ್ದೆ. ಈ ಸಲ ಬೇರೆ ಪದ. ಆರ್ ಮತ್ತೆ ನನ್ನದಾಗಿತ್ತು, ಆದರೂ ನಂಬಿಕೆ ಇಲ್ಲ. ಪರದೆ ನೋಡಿದರೆ ಮುತ್ಯಾ ನಿಲ್ಲಿಸುತ್ತಾರೆ. ಅದಕ್ಕೆ ಅಣ್ಣನ ಮಗಳನ್ನು ನನ್ನ ಹಿಂದೆ ಕಂಪ್ಯೂಟರ್ ಮುಂದೆ ಕೂರಿಸಿದೆ. ಐದನೇ ಕ್ಲಾಸು. ‘ಈ ನಂಬರ್ ಓಡ್ಲತ್ತಾವೋ ಇಲ್ಲೋ ಅಷ್ಟೇ ನೋಡು. ನಿಂತ್ರ ನಂಗ್ ಹೇಳು,’ ಅಂದೆ. ನಿಂತರೆ ಹೇಳು ಅಂದಿದ್ದೆ. ಓಡಿದರೆ ಸುಮ್ಮನಿರು ಅನ್ನಲು ಮರೆತಿದ್ದೆ.

ಮುತ್ಯಾ ಕೊನೆಯ ನುಡಿಗೆ ಬಂದಿದ್ದರು. ಕಣ್ಣು ಮುಚ್ಚಿ, ದನಿ ಮೇಲೇರಿಸಿ, ಒಂದು ಸಾಲು ಮುಗಿಸಿ ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಹಿಂದಿನಿಂದ ಕೇಳಿಸಿತು.

‘ಕಾಕಾ, ಇನ್ನಾ ಓಡ್ಲತ್ತಾವ!’

ನನ್ನ ಹುಬ್ಬು ಎರಡೂ ಏಕದಂ ಮೇಲೇರಿದವು. ಮುತ್ಯಾ ಮಾತ್ರ ನಿಲ್ಲಿಸಲಿಲ್ಲ. ಕಣ್ಣೂ ತೆಗೆಯಲಿಲ್ಲ. ಅದೇ ಧಾಟಿಯಲ್ಲಿ, ಅದೇ ಶ್ರುತಿಯಲ್ಲಿ ಹಾಡಿದರು:

‘ಓಡಲಿ ಬಿಡವ್ವಾ... ಓಡಲಿ ಬಿಡು...’

ಎರಡು ಸಲ ಹಾಡಿ, ಏಕತಾರಿ ಮೀಟಿ ಮುಗಿಸಿದರು. ಹುಡುಗಿಯ ದನಿ ಬಹಳ ಸ್ವಚ್ಛವಾಗಿ ಬಂದಿದೆ, ಕೌದಿಗಳ ಖರ್ಚು ವಸೂಲ್ ಆಗುವಂಗೆ. ಅವಳ ಮಾತು ಕತ್ತರಿಸಿ ತೆಗೆದೆ. ಮುತ್ಯಾನ ಸಾಲು ತೆಗೆಯಲು ಮನಸ್ಸು ಬರಲಿಲ್ಲ. ಹಂಗೇ ಕಳಿಸಿದೆ.

ಹೋದ ವಾರ ಪುಣೆಯಿಂದ ಮೊಮ್ಮಗ ಫೋನ್ ಮಾಡಿದ್ದ. ಊರ ಜಾತ್ರೆಯಲ್ಲಿ ಅದನ್ನು ಮೈಕಿನಲ್ಲಿ ಹಚ್ಚಿದ್ದರಂತೆ. ಆ ಸಾಲು ಬಂದಾಗ ಭಜನೆಯ ಹಿರಿಯರು ಒಬ್ಬರು ಕಣ್ಣೊರೆಸಿಕೊಂಡರಂತೆ.

‘ಸರ್, ಎಲ್ಲರೂ ಕೇಳ್ಲತ್ಯಾರ. ಆ ಕೊನಿ ನುಡಿಗೆ ಅಂಕಿತ ಇಲ್ಲಲ್ರೀ, ಯಾವ ಶರಣರದ್ರಿ ಅದು?’